ಪೂರ್ವದ ಬಾಗಿಲಿನ ಗಾಡಿ

ಮಧುಗಿರಿಯ ಪೇಟೆ ಬೀದಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ರೇಣುಕಪ್ರಸಾದ್ ಒಳ್ಳೆಯ ಮನುಷ್ಯ. ಗಿರಾಕಿ ಕೇಳಿದ ಲೋಟ ತನ್ನಲ್ಲಿ ಇಲ್ಲದಿದ್ದರೆ ಪಕ್ಕದ ಅಂಗಡಿಯಿಂದ ತಂದುಕೊಡುವಷ್ಟು ಒಳ್ಳೆಯವನು. ಅವನಲ್ಲಿದ್ದ ದೋಷ ಒಂದೇ. ನಾಲ್ಕು ಜನರ ಮುಂದೆ ಯಾರಾದರೂ ಚುಚ್ಚಿದರೆ ಅವನ ಬಾಯಿಂದ ಉತ್ತರ ಆಗಲೇ ಬರುತ್ತಿತ್ತು, ಯೋಚನೆ ಮಾತ್ರ ಮಾರನೆಯ ದಿನ ಬರುತ್ತಿತ್ತು.

ಚುಚ್ಚಿದವನು ಶಿರಾದ ಗೌರೀಶ, ಹೆಂಡತಿಯ ತಂಗಿಯ ಗಂಡ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವನು ಎದುರುಗಡೆ ಕೂತು, ಹೋಳಿಗೆ ಮುರಿಯುತ್ತ, ಎಲ್ಲರಿಗೂ ಕೇಳುವ ಹಾಗೆ ಕೇಳಿದ: “ಏನಣ್ಣ, ನಿಮ್ಮಮ್ಮನ್ನ ಈ ಸಲಾನೂ ಕರ್ಕೊಂಡು ಬರ್ಲಿಲ್ವಾ?”

ಕರೆದುಕೊಂಡು ಬರುವುದು ಹೇಗೆ? ರೇಣುಕಪ್ರಸಾದನ ತಾಯಿ ಸಿದ್ದಗಂಗಮ್ಮನವರಿಗೆ ಎಪ್ಪತ್ತೈದು. ಕಣ್ಣು, ಕಿವಿ, ಬಾಯಿ ಮೂರೂ ಚುರುಕು. ಬಾಯಿ ಒಂದು ತೂಕ ಹೆಚ್ಚು. ಆದರೂ ಒಂಬತ್ತು ವರ್ಷದಿಂದ ಅವರು ಊರ ಗಡಿ ದಾಟಿರಲಿಲ್ಲ. ಕಾರಣ ಬಚ್ಚಲು. “ದಾರೀಲಿ ಅರ್ಜೆಂಟ್ ಆದ್ರೆ ನಾನು ಯಾರನ್ನ ಕೇಳ್ಲಿ? ಕಂಡೋರ ಮನೆ ಬಚ್ಚಲಿಗೆ ನಾನು ಹೋಗಾಕಿಲ್ಲ, ಬಸ್‌ಸ್ಟ್ಯಾಂಡಿನದಂತೂ ಶಿವಶಿವಾ!” ಎಂಬುದು ಅವರ ಮಾತು. ಅದಕ್ಕೆ ಮೇಲ್ಮನವಿ ಇರಲಿಲ್ಲ.

“ನಿಮ್ಮಮ್ಮನ್ನ ಕರ್ಕೊಂಡು ಬರ್ಬೇಕಂದ್ರೆ ಮನೇನೇ ಹೊತ್ಕೊಂಡು ಬರ್ಬೇಕು ಬುಡಣ್ಣ,” ಎಂದ ಗೌರೀಶ. ಇಡೀ ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕ.

“ಹೊತ್ಕೊಂಡೇ ಬರ್ತೀನಿ! ಚಕ್ರ ಹಾಕಿ ತರ್ತೀನಿ! ನೋಡ್ತಿರು!” ಎಂದುಬಿಟ್ಟ ರೇಣುಕಪ್ರಸಾದ್. ಪಾಯಸ ಬರುವ ಹೊತ್ತಿಗೆ ಸುದ್ದಿ ಕೈ ತೊಳೆಯುವ ನಲ್ಲಿಯವರೆಗೂ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೆಂಡತಿ ಲೋಹಿತಾ ದಾರಿಯುದ್ದಕ್ಕೂ ಬೈದಳು. ಆದರೆ ಪಿಯುಸಿ ಓದುವ ಮಗಳು ಯಶಸ್ವಿನಿ ಫೋನಿನಲ್ಲಿ ಹುಡುಕಿ, “ಅಪ್ಪ, ನಿಜವಾಗ್ಲೂ ಸಿಗುತ್ತೆ! ಮೋಟಾರು ಮನೆ. ಒಳಗೇ ಒಲೆ, ಮಂಚ, ಬಚ್ಚಲು!” ಎಂದು ತೋರಿಸಿದಳು. ಬಚ್ಚಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಒಳಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಸಿದ್ದಗಂಗಮ್ಮ ಎದ್ದು ಬಂದರು.

“ಹಂಗಾದ್ರೆ ಪಾವಗಡಕ್ಕೆ ಹೋಗ್ಬೋದೇನೋ?” ಎಂದರು.

ಪಾವಗಡದಲ್ಲಿ ಅವರ ಒಬ್ಬಳೇ ತಂಗಿ ಸರೋಜಮ್ಮ ಇದ್ದರು. ಸರೋಜಮ್ಮನ ಮರಿಮಗನಿಗೆ ಆಗ ಏಳು ತಿಂಗಳು, ಇನ್ನೂ ಹೆಸರಿಟ್ಟಿರಲಿಲ್ಲ. ತೊಟ್ಟಿಲಲ್ಲಿ ಮಗುವಿನ ಕಿವಿಗೆ ಹೆಸರು ಹೇಳುವುದು ಮನೆತನದ ಹಿರಿಯ ಹೆಣ್ಣುಮಗಳು ಎಂಬುದು ಅವರಲ್ಲಿ ನಡೆದು ಬಂದ ಪದ್ಧತಿ. ಹಿರಿಯ ಹೆಣ್ಣುಮಗಳೋ ಮಧುಗಿರಿಯ ಬಚ್ಚಲು ಬಿಟ್ಟು ಕದಲುತ್ತಿರಲಿಲ್ಲ. ಅಂಗನವಾಡಿ ರಿಜಿಸ್ಟರಿನಲ್ಲಿ ಆ ಮಗು ಏಳು ತಿಂಗಳಿಂದ ‘ಗಂಡು ಮಗು’ ಎಂದೇ ತೂಕ ಹಾಕಿಸಿಕೊಳ್ಳುತ್ತಿತ್ತು. ಕಾದು ಕಾದು ಸಾಕಾದ ಮಗುವಿನ ಅಪ್ಪ ಕೊನೆಯ ಮುಹೂರ್ತ ಗೊತ್ತುಮಾಡಿದ್ದ: ಬರುವ ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹಿಡಿಯುವುದರೊಳಗೆ. ದೊಡ್ಡಜ್ಜಿ ಬರದಿದ್ದರೆ ಇಂಟರ್ನೆಟ್ಟಿನಲ್ಲಿ ಸಿಕ್ಕ ‘ರಿಯಾಂಶ್’ ಎಂಬ ಹೆಸರು ಇಟ್ಟುಬಿಡುತ್ತೇನೆ ಎಂದೂ ಹೇಳಿದ್ದ. ಸಿದ್ದಗಂಗಮ್ಮನಿಗೆ ತಮ್ಮ ತಂದೆ ಮಲ್ಲಿಕಾರ್ಜುನಯ್ಯನವರ ಹೆಸರು ಉಳಿಯಬೇಕೆಂದು ಆಸೆ. “ಅದೇನು ಹೆಸರೋ, ಸೀನಿದಂಗೈತೆ,” ಎಂದು ರಿಯಾಂಶನ ಬಗ್ಗೆ ಕಣ್ಣೀರನ್ನೇ ಹಾಕಿಕೊಂಡಿದ್ದರು.

ಹಾಗಾಗಿ ಗಾಡಿ ಖರೀದಿ ತೀರ್ಮಾನವಾಯಿತು. ಶಿರಾದ ಹೈವೇ ಪಕ್ಕದಲ್ಲಿ ಹಳೆಯ ವ್ಯಾನು, ಬಸ್ಸುಗಳಿಗೆ ಒಲೆ-ಮಂಚ ಕೂರಿಸಿ ಮಾರುವ ಇಮಾಮ್ ಸಾಬರ ಶೆಡ್ಡಿಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಬಾಗಿಲು ದಾಟುವಾಗ ತಾಯಿ ಒಂದೇ ಒಂದು ಷರತ್ತು ಹಾಕಿದರು. “ಏನಾದ್ರೂ ತಗೊಳ್ಳಿ. ಬಾಗಿಲು ಮಾತ್ರ ಪೂರ್ವಕ್ಕಿರ್ಬೇಕು. ಪಡುವಣ ಬಾಗಿಲಿನ ಮನೆಗೆ ನಾನು ಕಾಲಿಡಾಕಿಲ್ಲ. ನಿಮ್ಮಪ್ಪ ಇದ್ದಾಗ್ಲೇ ಇಟ್ಟಿಲ್ಲ.”

“ಅಷ್ಟೂ ಗೊತ್ತಾಗಲ್ವೇನಮ್ಮ ನಂಗೆ?” ಎಂದ ರೇಣುಕಪ್ರಸಾದ್.

ಇಮಾಮ್ ಸಾಬರು ಗಡ್ಡ ನೀವುತ್ತ ಬಂದರು. “ಆಯಿಯೇ ಸ್ವಾಮಿ, ಬೈಠಿಯೇ. ಮೋಟಾರು ಮನೆ ತಾನೇ? ಮೂರೈತೆ. ನೋಡಿದ್ರೆ ದಿಲ್ ಖುಷ್ ಆಗ್ತೈತೆ.”

ಮೊದಲನೆಯದು ಹಿಂದಿನ ಜನ್ಮದಲ್ಲಿ ಆಂಬುಲೆನ್ಸ್ ಆಗಿತ್ತು. ಲೋಹಿತಾ ಒಳಗೆ ಇಣುಕಿ, “ಇದರಲ್ಲಿ ಎಷ್ಟು ಜನ ಮಲಗಿದ್ರೋ, ಎಷ್ಟು ಜನ ಎದ್ರೋ! ಬೇಡ ಕಣ್ರೀ,” ಎಂದು ಸೆರಗು ಹೊದ್ದಳು.

ಎರಡನೆಯದನ್ನು ನೋಡಿ ಇಬ್ಬರ ಬಾಯಿಯೂ ತೆರೆದೇ ಇತ್ತು. ಮೆತ್ತನೆಯ ನಾಲ್ಕು ಹಾಸಿಗೆ, ಎರಡು ಒಲೆಯ ಸ್ಟವ್, ಫ್ರಿಡ್ಜು, ದೇವರ ಗೂಡು, ಕಿಟಕಿಗೆಲ್ಲ ಪರದೆ. ಬಚ್ಚಲಂತೂ ಬೆಳ್ಳಗೆ ಹೊಳೆಯುತ್ತಿತ್ತು. ಲೋಹಿತಾ ಆಗಲೇ ಯಾವ ಕಪಾಟಿನಲ್ಲಿ ಖಾರದಪುಡಿ ಇಡುವುದೆಂದು ನಿರ್ಧರಿಸಿದಳು. ಅಷ್ಟರಲ್ಲಿ ರೇಣುಕಪ್ರಸಾದ್ ಬಾಗಿಲಲ್ಲಿ ನಿಂತು ಫೋನಿನ ದಿಕ್ಸೂಚಿ ತೆರೆದ. ಅವನ ಮುಖ ಬಾಡಿತು.

“ಪಡುವಣ,” ಎಂದ.

“ಅಯ್ಯೋ ಶಿವನೇ!” ಎಂದಳು ಲೋಹಿತಾ.

ಇಮಾಮ್ ಸಾಬರಿಗೆ ತೊಂದರೆ ಏನೆಂದು ತಿಳಿಯಲು ಎರಡು ನಿಮಿಷ ಬೇಕಾಯಿತು. ತಿಳಿದ ಮೇಲೆ ಅವರು ಬಹಳ ಮೆತ್ತಗೆ, ರೋಗಿಯ ಹತ್ತಿರ ಮಾತಾಡುವ ಹಾಗೆ, “ಸ್ವಾಮಿ, ಗಾಡಿ ತಿರುಗ್ಸಿ ನಿಲ್ಸ್ಲಾ?” ಎಂದರು.

“ಸಾಬ್ರೇ, ಮನೆ ಬಾಗಿಲನ್ನ ತಿರುಗ್ಸೋಕಾಗುತ್ತೇನ್ರೀ? ಕಟ್ಟಿದ್ದು ಕಟ್ಟಿದಂಗೆ,” ಎಂದು ರೇಣುಕಪ್ರಸಾದ್ ಅವರಿಗೇ ಬುದ್ಧಿ ಹೇಳಿದ. ಇಮಾಮ್ ಸಾಬರು ನಲವತ್ತು ವರ್ಷದ ವ್ಯಾಪಾರಸ್ಥರು. ಗಿರಾಕಿಯ ಜೊತೆ ವಾದ ಮಾಡಬಾರದೆಂದು ಅವರಿಗೆ ಗೊತ್ತಿತ್ತು. “ಯಾ ಅಲ್ಲಾ,” ಎಂದು ಮೂರನೆಯದರ ಕಡೆ ನಡೆದರು.

ಮೂರನೆಯದು ಮುದಿ ಸ್ಕೂಲ್ ಬಸ್ಸು. ಒಲೆ ಅಲ್ಲಾಡುತ್ತಿತ್ತು. ಮಂಚ ಕಿರುಗುಟ್ಟುತ್ತಿತ್ತು. ಬಚ್ಚಲು ಎಷ್ಟು ಕಿರಿದೆಂದರೆ ಒಳಗೆ ಹೋದವರು ತಿರುಗಲಾಗದೆ ಹಿಂದುಹಿಂದಾಗಿಯೇ ಹೊರಗೆ ಬರಬೇಕು. ಆದರೆ ಅದನ್ನು ತೆಂಕಣ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿದ್ದರು. ಎಡಗಡೆಯ ಬಾಗಿಲು ನೆಟ್ಟಗೆ ಪೂರ್ವಕ್ಕಿತ್ತು. ಬೆಳಗಿನ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರೂ ಕೈ ಮುಗಿದರು. ಅಲ್ಲೇ ವ್ಯಾಪಾರ ಕುದುರಿತು, ಅದೂ ಚೌಕಾಸಿಯಿಲ್ಲದೆ.

ಬಡವನಹಳ್ಳಿ ದಾಟಿ, ಹಾರನ್ ಹೊಡೆಯುತ್ತ ಮಧುಗಿರಿಯ ತಮ್ಮ ಬೀದಿಗೆ ಬಂದಾಗ ಅಕ್ಕಪಕ್ಕದವರೆಲ್ಲ ಹೊರಗೆ ನಿಂತಿದ್ದರು. ಸಿದ್ದಗಂಗಮ್ಮ ಆರತಿ ತಟ್ಟೆ ಹಿಡಿದು ಇಳಿದು ಬಂದರು. ಗಾಡಿ ನೋಡಿದರು. ಮೇಲೆ ಸೂರ್ಯನನ್ನು ನೋಡಿದರು. ಆರತಿ ಅಲ್ಲೇ ನಿಂತಿತು.

“ಏನೋ ಇದು? ಪಡುವಣ ಬಾಗಿಲು!”

“ಇಲ್ಲಮ್ಮ, ಶಿರಾದಲ್ಲಿ ಪೂರ್ವಕ್ಕೇ ಇತ್ತು. ಲೋಹಿತನ್ನ ಕೇಳು!”

“ಹೂಂ ಅತ್ತೆ, ನಾನೇ ನೋಡಿದೀನಿ. ಬಿಸಿಲು ಬಿದ್ದಿತ್ತು.”

ಆಗ ಯಶಸ್ವಿನಿ ಕಾಲೇಜಿನ ಬ್ಯಾಗು ಇಳಿಸುತ್ತ, “ಅಪ್ಪ, ಗಾಡಿ ತಿರುಗುತ್ತಲ್ವಾ?” ಎಂದಳು. ರೇಣುಕಪ್ರಸಾದನ ಕಣ್ಣ ಮುಂದೆ ಎರಡನೆಯ ಗಾಡಿಯ ಬೆಳ್ಳನೆಯ ಬಚ್ಚಲು ಒಮ್ಮೆ ಮಿಂಚಿ ಹೋಯಿತು. ಲೋಹಿತಾ ಗಂಡನ ಮುಖ ನೋಡದೆ ಒಳಗೆ ಹೋದಳು.

ಗಾಡಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಒಯ್ದು ತಿರುಗಿಸಿ ತಂದದ್ದಾಯಿತು. ಆಮೇಲೆ ಸೋಮವಾರ ಗೃಹಪ್ರವೇಶ. ಹೊಸ ಮನೆಗೆ ಹಾಲುಕ್ಕಿಸದೆ ಕಾಲಿಡುವುದುಂಟೇ? ಬೀದಿಗೆಲ್ಲ ಕಾರ್ಡು ಹಂಚಿದ್ದರು. ಹಸು ಮೆಟ್ಟಿಲು ಹತ್ತಲೊಪ್ಪದೆ ಬಾಗಿಲಲ್ಲೇ ತನ್ನ ಅಭಿಪ್ರಾಯ ಹಾಕಿ ಹೋಯಿತು. ಅದು ಶುಭವೆಂದು ಎಲ್ಲರೂ ಒಪ್ಪಿಕೊಂಡರು.

ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಪುರಸಭೆಯ ಬಿಲ್ ಕಲೆಕ್ಟರ್ ಪಾಲಾಕ್ಷ ಕಾರ್ಡು ಹಿಡಿದು ಬಂದ. “ಸ್ವಾಮಿ, ಹೊಸ ಮನೆ ಅಂತ ಕರೆದ್ರಿ, ಸಂತೋಷ. ಖಾತೆ ಆಗೈತಾ? ಚೆಕ್ಕುಬಂದಿ ಏನು? ಪೂರ್ವಕ್ಕೆ ಯಾರ ಆಸ್ತಿ ಬರುತ್ತೆ?”

“ಪೂರ್ವಕ್ಕೆ ಸದ್ಯಕ್ಕೆ ಪಕ್ಕದ್ಮನೆ ಮಲ್ಲೇಶನ ಸ್ಕೂಟರು,” ಎಂದ ರೇಣುಕಪ್ರಸಾದ್.

“ಪಶ್ಚಿಮಕ್ಕೆ?”

“ಚರಂಡಿ. ನಿಮ್ಮದೇ.”

ಪಾಲಾಕ್ಷ ತಲೆ ಕೆರೆದುಕೊಂಡ. ಇದು ಮನೆಯಾದರೆ ಕಂದಾಯ ಕಟ್ಟಬೇಕು, ಗಾಡಿಯಾದರೆ ಬೀದಿಗೆ ಪೆಂಡಾಲು ಹಾಕಿದ್ದು ತಪ್ಪು. ಎರಡರಲ್ಲಿ ಒಂದು ಹೇಳಿ ಎಂದು ಪಟ್ಟು ಹಿಡಿದ. ಜನ ಎರಡು ಪಕ್ಷವಾದರು. ಕೊನೆಗೆ ಪೂಜೆಗೆ ಬಂದಿದ್ದ ಅಯ್ಯನವರು, ಮರುಳಸಿದ್ದಯ್ಯನವರು, ವಿಭೂತಿ ಸರಿಮಾಡಿಕೊಂಡು ತೀರ್ಪು ಕೊಟ್ಟರು:

“ನೋಡಿ. ಚಕ್ರ ಉರುಳ್ತಿರೋ ತನಕ ಅದು ಗಾಡಿ. ಚಕ್ರ ನಿಂತ್ರೆ ಅದು ಮನೆ. ಗಾಡಿಗೆ ದಿಕ್ಕಿಲ್ಲ, ಮನೆಗೆ ದಿಕ್ಕೈತೆ.”

ಎಲ್ಲರೂ “ಆಹಾ” ಎಂದರು. ಪಾಲಾಕ್ಷನೂ ಎರಡು ಹೋಳಿಗೆ ತಿಂದು ಒಪ್ಪಿದ. ಸಿದ್ದಗಂಗಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಬಂದ ಕಷ್ಟವೆಲ್ಲ ಆ ಗಂಟಿನಿಂದಲೇ ಬಂತು.

ಬುಧವಾರ ಬೆಳಗ್ಗೆ ಆರೂವರೆಗೆ ಹೊರಟರು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನಲ್ಲಿ ಎರಡು ಗಂಟೆಯೂ ಹಿಡಿಯದ ದಾರಿ. ದಾರಿ ಉತ್ತರಕ್ಕೆ. ಅಂದರೆ ಗಾಡಿಯ ಎಡಗಡೆಯ ಬಾಗಿಲು ಪಶ್ಚಿಮಕ್ಕೆ. ಓಡುತ್ತಿರುವವರೆಗೆ ಅದು ಗಾಡಿ, ಚಿಂತೆಯಿಲ್ಲ. ಐದು ಕಿಲೋಮೀಟರಿಗೆ ಕುರಿಮಂದೆ ಅಡ್ಡ ಬಂತು. ಗಾಡಿ ನಿಂತಿತು.

“ಮನೆಯಾಯ್ತು! ತಿರುಗ್ಸೋ!” ಎಂದರು ಸಿದ್ದಗಂಗಮ್ಮ.

“ಅಮ್ಮ, ಎರಡು ನಿಮಿಷ...”

“ಎರಡು ನಿಮಿಷ ಪಡುವಣ ಬಾಗಿಲಲ್ಲಿ ಕೂತ್ಕೊಂಡು ಮಗುವಿಗೆ ಹೆಸರಿಡಾಕೆ ಹೋಗ್ಲೇನೋ? ಆ ಮಗೂಗೆ ಏನಾದ್ರೂ ಆದ್ರೆ?”

ಮಗುವಿನ ಹೆಸರೆತ್ತಿದ ಮೇಲೆ ಮಾತೇನಿದೆ? ಕುರಿಗಳ ನಡುವೆ ಆ ಬಸ್ಸನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಆಯಿತು. ತಿರುಗಿಸಿದ ಮೇಲೆ ನೋಡಿದರೆ ಕುರಿಗಳೇ ಇರಲಿಲ್ಲ. ಮತ್ತೆ ಉತ್ತರಕ್ಕೆ ತಿರುಗಿಸಬೇಕಾಯಿತು.

ಮಿಡಿಗೇಶಿಯಲ್ಲಿ ಕದರಪ್ಪನ ಟೀ ಅಂಗಡಿಯ ಮುಂದೆ ನಿಂತರು. ಶಾಸ್ತ್ರದ ಪ್ರಕಾರ ತಿರುಗಿಸಿಯೇ ನಿಂತರು. ಊರಿನ ಅರ್ಧ ಜನ ಕಿಟಕಿಗೆ ಮುಖ ಒತ್ತಿ ನೋಡಿದರು. ರೇಣುಕಪ್ರಸಾದ್ ಎದೆಯುಬ್ಬಿಸಿ ಒಲೆ, ಮಂಚ, ಬಚ್ಚಲನ್ನೆಲ್ಲ ವಿವರಿಸಿದ. ಹೊಗಳಿಕೆಯ ಅಮಲಿನಲ್ಲೇ ಬಂದು ಸ್ಟಿಯರಿಂಗ್ ಹಿಡಿದು, ಮೂತಿ ಎತ್ತಲಿತ್ತೋ ಅತ್ತಲೇ ಬಿಟ್ಟ. ಫೋನಿನೊಳಗಿನ ಹೆಂಗಸು, “ಹಿಂತಿರುಗಿ, ಹಿಂತಿರುಗಿ” ಎಂದು ಬಡಕೊಂಡಳು.

“ಯಾರೇ ಅವಳು, ನನ್ನ ಮಗನಿಗೆ ಬುದ್ಧಿ ಹೇಳೋಳು? ಆರಿಸು ಅತ್ಲಾಗೆ,” ಎಂದರು ಸಿದ್ದಗಂಗಮ್ಮ. ಯಶಸ್ವಿನಿ ಆರಿಸಿದಳು.

ಮಧುಗಿರಿಯ ಏಕಶಿಲಾ ಬೆಟ್ಟ ಎದುರಿಗೇ ದೊಡ್ಡದಾಗುತ್ತ ಬಂದಾಗ ಲೋಹಿತಾ, “ರೀ, ಪಾವಗಡದಲ್ಲೂ ಇಂಥದ್ದೇ ಬೆಟ್ಟ ಐತಾ?” ಎಂದು ಕೇಳಿದಳು. ಆಗ ರೇಣುಕಪ್ರಸಾದನಿಗೆ ಬೆವರಿತು.

ಮತ್ತೆ ಮಿಡಿಗೇಶಿ. ಅಲ್ಲಿ ಬಂಕಿನಲ್ಲಿ ಡೀಸೆಲ್, ತಿರುಗಿಸು. ಮತ್ತೆ ಸ್ವಲ್ಪ ದೂರ ತಪ್ಪು ದಾರಿ, ವಾಪಸು. ಕದರಪ್ಪ ಟೀ ಸೋಸುವುದನ್ನೇ ಬಿಟ್ಟು ರಸ್ತೆಗೆ ಬಂದ. “ಇದೇನ್ಲಾ ಇದು! ಹೊತ್ತಾರೆಯಿಂದ ಮೂರು ಸತಿ ಅಂಗೋಯ್ತು, ಎಲ್ಡು ಸತಿ ಇಂಗ್ಬಂತು. ಯಾವ ಪಾರ್ಟಿ ಕಣ್ಲಾ? ಎಲೆಕ್ಸನ್ ಬಂದ್ಬುಡ್ತಾ?” ಎಂದು ಕೂಗಿದ. ಒಂಬತ್ತೂಮುಕ್ಕಾಲು ಆಗಿತ್ತು. ಸರೋಜಮ್ಮನ ಫೋನು ಐದನೆಯ ಸಲ ಬಂತು. “ಅಕ್ಕಾ, ಎಲ್ಲಿದ್ದೀಯೇ? ಇವ್ನು ರಿಯಾಂಶ್ ಅಂತ ಬಲೂನಿನ ಮೇಲೆ ಬರ್ಸಿಟ್ಟವ್ನೆ ಕಣೇ!”

ಪಾವಗಡದ ಹತ್ತಿರ ಪೊಲೀಸರು ನಾಕಾ ಹಾಕಿದ್ದರು. ಕೈ ಅಡ್ಡ ಮಾಡಿದರು. ಗಾಡಿ ನಿಂತಿತು. ನಿಂತಿತಲ್ಲ? ಮನೆಯಾಯಿತು. ರೇಣುಕಪ್ರಸಾದ್ ಪೊಲೀಸರ ಕಣ್ಣೆದುರಿಗೇ ಗಾಡಿಯನ್ನು ಗರ್ರನೆ ತಿರುಗಿಸಿದ.

ಇದನ್ನು ಪೊಲೀಸರು ಹೇಗೆ ಅರ್ಥಮಾಡಿಕೊಂಡರೆಂದು ಹೇಳಬೇಕಾಗಿಲ್ಲ. ಸೀಟಿ ಊದಿದರು. ಜೀಪು ಓಡಿಸಿಕೊಂಡು ಬಂದು ಮುಂದೆ ಅಡ್ಡ ನಿಲ್ಲಿಸಿದರು. ಆದರೆ ತಿರುಗಿದ ಗಾಡಿ ಓಡಿಹೋಗದೆ ಅಲ್ಲೇ ಶಾಂತವಾಗಿ ನಿಂತಿತ್ತು, ಬಾಗಿಲೂ ತೆರೆದಿತ್ತು.

“ಏಮಯ್ಯಾ, ಎಕ್ಕಡಿಕಿ ಪೋತಾವು?” ಎಲ್ಲಿಗೆ ಹೋಗ್ತೀಯೆಂದು ಒಬ್ಬ ಕಾನ್‌ಸ್ಟೇಬಲ್ ತೆಲುಗಿನಲ್ಲಿ ಕೂಗಿದ. ಎಎಸ್‌ಐ ಜಯರಾಮಯ್ಯ ಲಾಠಿ ಹಿಡಿದು ಮೆಟ್ಟಿಲ ಹತ್ತಿರ ಬಂದರು. “ಪೊಲೀಸ್ ನೋಡಿದ ಕೂಡ್ಲೇ ಯಾಕ್ರೀ ತಿರುಗ್ಸಿದ್ರಿ? ಒಳಗೆ ಏನೈತೆ?”

“ನಮ್ಮಮ್ಮ,” ಎಂದ ರೇಣುಕಪ್ರಸಾದ್, ಅಳುವ ದನಿಯಲ್ಲಿ.

ಜಯರಾಮಯ್ಯ ಬೂಟುಗಾಲಿನಲ್ಲೇ ಒಂದು ಮೆಟ್ಟಿಲು ಹತ್ತಿದರು. ಒಳಗಿನಿಂದ ದನಿ ಬಂತು. “ಬೂಟು ಹೊರಗೆ ಬುಟ್ಟು ಬಾ ಮಗ. ಹಾಲುಕ್ಸಿ ಎರಡೇ ದಿನ ಆಗಿರಾದು.”

ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ತಪಾಸಣೆಯಲ್ಲೂ ಬೂಟು ಬಿಚ್ಚದ ಜಯರಾಮಯ್ಯ ಬಿಚ್ಚಿದರು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಲಾಗುತ್ತದೆಯೇ? ಕೋಡುಬಳೆ ಬಂತು, ಮಜ್ಜಿಗೆ ಬಂತು. “ನೀನೊಬ್ನೇ ಕುಡಿಯಾಕೆ ನಾಚ್ಕೋಬೇಡ, ನಾನೂ ಕುಡೀತೀನಿ,” ಎಂದು ಸಿದ್ದಗಂಗಮ್ಮ ಎರಡು ಲೋಟ ಮಜ್ಜಿಗೆ ಕುಡಿದು, ಮಲ್ಲಿಕಾರ್ಜುನಯ್ಯನವರ ಹೆಸರು, ರಿಯಾಂಶ್, ರಾಹುಕಾಲ, ಮರುಳಸಿದ್ದಯ್ಯನವರ ತೀರ್ಪು ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮಪ್ಪನ ಹೆಸರು ಹೇಳೋರು ಯಾರೂ ಇಲ್ದಂಗಾಯ್ತದೆ ಕಣಪ್ಪ.”

ಜಯರಾಮಯ್ಯ ಗಡಿಯಾರ ನೋಡಿದರು. ಹನ್ನೊಂದೂಕಾಲು. ಕೋಡುಬಳೆ ಜೇಬಿಗೆ ಹಾಕಿಕೊಂಡು ಎದ್ದರು. “ಸ್ವಾಮಿ, ನಿಲ್ಸಿದ್ರೆ ತಾನೇ ಮನೆ? ನೀವು ನಿಲ್ಸಲೇಬೇಡಿ. ಜೀಪು ಮುಂದೆ ಬಿಡ್ತೀನಿ, ದಾರಿ ಬಿಡಿಸ್ತೀನಿ. ಸರೋಜಮ್ಮೋರ ಬಾಗಿಲ ತನಕ ಚಕ್ರ ನಿಲ್ಲಂಗಿಲ್ಲ!”

ಮಂತ್ರಿಗಳಿಗೂ ಸಿಗದ ಮರ್ಯಾದೆ ಅದು. ಜೀಪು ಸೈರನ್ ಹಾಕಿತು. ಎಮ್ಮೆ, ಆಟೋ, ಸಂತೆಯ ಗಾಡಿಗಳು ಪಕ್ಕಕ್ಕೆ ಸರಿದವು. ರೇಣುಕಪ್ರಸಾದ್ ಹಲ್ಲು ಕಚ್ಚಿ ಓಡಿಸಿದ. ಹಿಂದಿನಿಂದ ತಾಯಿಯ ದನಿ ಬಂತು: “ಲೋ ರೇಣುಕಾ, ಒಂದು ನಿಮಿಷ ನಿಲ್ಸೋ.”

“ನಿಲ್ಸಂಗಿಲ್ಲಮ್ಮ! ನಿಂತ್ರೆ ಮನೆ!”

“ಲೋ, ಮಾತು ಕೇಳೋ...”

“ರಿಯಾಂಶ್ ಆಗ್ಬಿಡುತ್ತಮ್ಮ!”

ಆಮೇಲೆ ಕನ್ನಡಿಯಲ್ಲಿ ನೋಡಿದರೆ ತಾಯಿ ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದರು. ಶಿವನ ಧ್ಯಾನ ಎಂದುಕೊಂಡ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಸರೋಜಮ್ಮನ ಮನೆ ಮುಂದೆ ನಿಂತಿತು. ಮೂತಿ ಉತ್ತರಕ್ಕೆ, ಬಾಗಿಲು ಪಡುವಣಕ್ಕೆ. ರೇಣುಕಪ್ರಸಾದ್ ತಿರುಗಿಸಲೆಂದು ಗೇರಿಗೆ ಕೈ ಹಾಕುವಷ್ಟರಲ್ಲಿ ಸಿದ್ದಗಂಗಮ್ಮ ಪಡುವಣ ಬಾಗಿಲಿನಿಂದಲೇ ಧುಮುಕಿದ್ದರು. ಆರತಿ ಹಿಡಿದ ಹೆಂಗಸರನ್ನು ದಾಟಿದರು. ಓಲಗದವರನ್ನು ದಾಟಿದರು. ಒಂಬತ್ತು ವರ್ಷದಿಂದ ಕಾದಿದ್ದ ತಂಗಿ “ಅಕ್ಕಾ!” ಎಂದು ಎರಡು ಕೈ ಚಾಚಿ ನಿಂತಿದ್ದಳು, ಅವಳ ಕಂಕುಳಡಿಯಲ್ಲೇ ನುಸುಳಿದರು.

“ಸರೋಜಾ, ಬಚ್ಚಲು ಎಲ್ಲೇ?”

ಸರೋಜಮ್ಮ ಬೆರಳು ತೋರಿಸಿದರು. ಬಾಗಿಲು ಧಡಾರನೆ ಮುಚ್ಚಿತು.

ಓಲಗ ನಿಂತಿತು. ನೂರು ಜನ ಗಡಿಯಾರವನ್ನೂ ಬಚ್ಚಲ ಬಾಗಿಲನ್ನೂ ಒಂದಾದ ಮೇಲೊಂದು ನೋಡಿದರು. ಮಗುವಿನ ಅಪ್ಪ ಬಲೂನಿನ ದಾರ ಹಿಡಿದು ಆಸೆಯಿಂದ ನಿಂತಿದ್ದ. ಐದು ನಿಮಿಷ. ನಾಲ್ಕು. ಎಎಸ್‌ಐ ಜಯರಾಮಯ್ಯ, “ಯಾರೂ ಗಲಾಟೆ ಮಾಡ್ಬೇಡಿ,” ಎಂದು ಕಾನೂನು ಸುವ್ಯವಸ್ಥೆ ಕಾಪಾಡಿದರು. ಬಾಗಿಲು ತೆರೆಯಿತು. ಸಿದ್ದಗಂಗಮ್ಮ ಕೈಕಾಲು ತೊಳೆದು, ವಿಭೂತಿ ಧರಿಸಿ, ಕಾಶಿಗೆ ಹೋಗಿ ಬಂದವರ ಮುಖ ಹೊತ್ತು ಹೊರಗೆ ಬಂದರು. ನೆಟ್ಟಗೆ ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಗೆ ಮೂರು ಸಲ “ಮಲ್ಲಿಕಾರ್ಜುನ” ಎಂದರು. ಮಗು ಒಮ್ಮೆ ಸೀನಿ, ನಕ್ಕಿತು. ಹನ್ನೆರಡಕ್ಕೆ ಇನ್ನೂ ಒಂದು ನಿಮಿಷವಿತ್ತು. ಅಕ್ಕ ತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೊಳೋ ಎಂದು ಅತ್ತರು. ನಿಂತು ನೋಡುತ್ತಿದ್ದ ಲೋಹಿತಾಳೂ ಅತ್ತಳು.

ಊಟದ ಮೇಲೆ ರೇಣುಕಪ್ರಸಾದ್ ತಡೆಯಲಾರದೆ ಕೇಳಿದ. “ಅಮ್ಮ, ಅದಕ್ಕೇ ಅಲ್ವೇನಮ್ಮ ಗಾಡಿ ತಗೊಂಡಿದ್ದು? ಒಳಗೇ ಬಚ್ಚಲಿತ್ತಲ್ಲ?”

“ಇತ್ತು ಕಣಪ್ಪ. ಓಡೋವಾಗ ಅದು ಗಾಡಿ, ಗಾಡೀಲಿ ಯಾರಾದ್ರೂ ಬಚ್ಚಲಿಗೆ ಹೋಗ್ತಾರಾ? ನಿಂತಾಗ ಒಂದು ಸಲ ನೀನು ತಿರುಗಿಸ್ತಿದ್ದೆ, ಒಂದು ಸಲ ಊರು ಜನ ಕಿಟಕೀಲಿ ಇಣುಕ್ತಿದ್ರು, ಒಂದು ಸಲ ಪೊಲೀಸಿನೋರು ಕುಂತಿದ್ರು. ಹೆಂಗೋಗ್ಲಿ?” ಎಂದರು ಸಿದ್ದಗಂಗಮ್ಮ. ಆಮೇಲೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. “ಲೋ, ಆರೂವರೆಗೆ ಹೊರಟಿದ್ದು ನಾವು. ಅಂದ್ರೆ ಐದೂಕಾಲು ಗಂಟೆ ತಡ್ಕಂಡಿದೀನಿ! ಬಸ್ಸಿಗೆ ಎಷ್ಟೊತ್ತೋ?”

“ಎರಡು ಗಂಟೆ ಒಳಗೇ, ಅಜ್ಜಿ,” ಎಂದಳು ಯಶಸ್ವಿನಿ. “ಆಧಾರ್ ಕಾರ್ಡ್ ತೋರಿಸಿದ್ರೆ ಹೆಂಗಸ್ರಿಗೆ ಫ್ರೀ.”

“ಪುಕ್ಕಟೆ?” ಸಿದ್ದಗಂಗಮ್ಮ ಎದ್ದು ಕೂತರು. ತಂಗಿಯ ಕಡೆ ತಿರುಗಿದರು. ಅಕ್ಕ ತಂಗಿಯ ನಡುವೆ ಏನು ಮಾತಾಯಿತೆಂದು ರೇಣುಕಪ್ರಸಾದನಿಗೆ ಕೇಳಿಸಲಿಲ್ಲ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದದ್ದು ಮಾತ್ರ ಕಂಡಿತು.

ಮಾರನೆಯ ಬೆಳಗ್ಗೆ “ನೀವು ಹೊರಡಿ, ನಾನು ಆಮೇಲೆ ಬರ್ತೀನಿ” ಎಂದು ತಾಯಿಯೇ ಮಗ, ಸೊಸೆ, ಮೊಮ್ಮಗಳನ್ನು ಮುಂಚೆಯೇ ಸಾಗಹಾಕಿದರು. ಗಾಡಿ ನಿಧಾನವಾಗಿ, ಏದುಸಿರು ಬಿಡುತ್ತ, ಮಿಡಿಗೇಶಿಯ ಏರು ಹತ್ತುತ್ತಿತ್ತು. ಹಿಂದಿನಿಂದ ಕೆಂಪು ಬಸ್ಸೊಂದು ಪೀಂ ಪೀಂ ಎಂದು ಬಂದು, ಪಕ್ಕಕ್ಕೆ ಸರಿದು, ಮುಂದೆ ಹೊರಟಿತು. ಅದರ ಕಿಟಕಿಯಲ್ಲಿ ಎರಡು ಬೆಳ್ಳಿ ತಲೆಗಳು. ಒಂದು ಕೈ ಹೊರಗೆ ಬಂದು ಬೀಸಿತು.

“ನಿಧಾನಕ್ಕೆ ಬನ್ರೋ,” ಎಂದು ಕೂಗಿದರು ಸಿದ್ದಗಂಗಮ್ಮ, “ನಾವು ಹೋಗಿ ಅನ್ನಕ್ಕಿಟ್ಟಿರ್ತೀವಿ!”